ಮಗ್ಗದ ಗುಣಿಯ ಕುರಿಮರಿ

ಉಳಿಯ ತುದಿ ತಾಗಿದ ಕಡೆ ಸಿಮೆಂಟು ಹಪ್ಪಳದಂತೆ ಪದರವಾಗಿ ಎದ್ದು ಬಂತು. ಅದರ ಕೆಳಗೆ ಕಲ್ಲುಗಳು ಕಂಡವು. ಹುಣಸೆ ಬೀಜಕ್ಕಿಂತ ಚಿಕ್ಕ ಚೌಕದ ಕಲ್ಲುಗಳು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ.

"ಇನ್ನು ಉಳಿ ಬೇಡ ಪಾಲಾಕ್ಷನವರೇ. ಕೈಯಲ್ಲೇ ಬಿಡಿಸೋಣ," ಎಂದಳು ಸಬ್ ಇನ್ಸ್‌ಪೆಕ್ಟರ್ ಶಾಂತಕುಮಾರಿ.

ಅವಳು ಮಗ್ಗದ ಗುಣಿಯೊಳಗೆ ಮಂಡಿಯೂರಿದ್ದಳು. ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಹಳ್ಳ ಒಬ್ಬರಿಗೇ ಇಕ್ಕಟ್ಟು. ತಲೆಯ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ ಬಿಗಿದುಕೊಂಡಿತ್ತು. ಎದ್ದರೆ ಟೋಪಿ ತಗಲುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಪಾಲಾಕ್ಷ ಅಂಚಿನಲ್ಲಿ ಕೂತು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದಿದ್ದ.

ಹೋದ ವಾರ ಮೊಳಕಾಲ್ಮೂರಿನ ಹಿಂದಿನ ಬಂಡೆಗಳ ಬುಡದಲ್ಲಿ ಹೊನ್ನೂರಸ್ವಾಮಿಯ ಹೆಣ ಸಿಕ್ಕಂದಿನಿಂದ ಪೊಲೀಸರು ಹುಡುಕುತ್ತಿದ್ದ ವಸ್ತು, ಪುಟ್ಟ ಕಲ್ಲುಗಳನ್ನು ಜೋಡಿಸಿ ಕುರಿಮರಿಯ ಚಿತ್ರ ಮಾಡಿದ ಮೊಸಾಯಿಕ್ ತುಂಡು, ಅವನ ತಂಗಿ ಶಶಿರೇಖಾಳ ಮನೆಯಲ್ಲೇ, ಅವಳ ಕಾಲಡಿಯಲ್ಲೇ ಇತ್ತು.

ಶಾಂತಕುಮಾರಿಗೆ ಖುಷಿಯಾಗಲಿಲ್ಲ.

ಯಾಕೆಂದರೆ ಇದು ಪೆದ್ದಣ್ಣನ ಮನೆ. ಪೆದ್ದಣ್ಣ ಶಶಿರೇಖಾಳ ಗಂಡ, ಸತ್ತವನ ಜೊತೆ ಮನೆಗಳಿಗೆ ನೆಲ ಹಾಕುವ ಕೆಲಸ ಮಾಡುತ್ತಿದ್ದವನು. ಅವನನ್ನು ಹಿಡಿದು ಲಾಕಪ್ಪಿಗೆ ಹಾಕಿದ್ದು ಸ್ವತಃ ಶಾಂತಕುಮಾರಿ. ತಳಕಿನಲ್ಲಿ ಒಂದು ಹೊಸ ಮನೆಯ ಕೆಲಸದ ನಡುವೆ ಇಬ್ಬರಿಗೂ ಜೋರು ಜಗಳವಾಗಿದ್ದನ್ನು ಚಹಾ ಅಂಗಡಿಯವರೆಲ್ಲ ಕೇಳಿದ್ದರು. ಅಂದೇ ಸಂಜೆ ಹೊನ್ನೂರಸ್ವಾಮಿ ಸತ್ತಿದ್ದ. ಪೆದ್ದಣ್ಣನ ಅಂಗಿಯ ತೋಳಿನ ಮೇಲೆ ರಕ್ತದ ಕಲೆಯಿತ್ತು. ಕಲ್ಲು ಕತ್ತರಿಸುವಾಗ ಬೆರಳು ಕೊಯ್ದುಕೊಂಡೆ ಎಂದು ಅವನು ಹೇಳಿದ್ದ, ಬೆರಳಿಗೆ ಗಾಯವೂ ಇತ್ತು. ಅವಳು ನಂಬಿರಲಿಲ್ಲ.

ಈಗ ಎರಡು ದಿನದಿಂದ ನಂಬತೊಡಗಿದ್ದಳು. ನಾಳೆ ಅವನ ಪೊಲೀಸ್ ಕಸ್ಟಡಿ ಮುಗಿಯುತ್ತದೆ, ಕೋರ್ಟಿಗೆ ಹಾಜರು ಮಾಡಬೇಕು. ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಕೇಸು ಮುಗಿದರೆ ಸಾಕು. ತಾನು ಹಿಡಿದದ್ದು ತಪ್ಪಾಗಿದ್ದರೆ ಒಬ್ಬ ಮನುಷ್ಯನ ಬಾಳು ಜೈಲಿನಲ್ಲಿ ಮುಗಿಯುತ್ತದೆ. ತಪ್ಪಲ್ಲ ಎಂದು ಹೇಳುವ ವಸ್ತು ಇದೀಗ ಅವನ ಮನೆಯ ನೆಲದಿಂದಲೇ ಎದ್ದು ಬರುತ್ತಿತ್ತು.

"ಮೊಸಾಯಿಕ್ ಅಂದ್ರೆ ನಮ್ಮ ಮಾವನ ಮನೆ ನೆಲದಂಗೆ ಚುಕ್ಕಿ ಚುಕ್ಕಿ ಇರುತ್ತೆ ಅಂದ್ಕೊಂಡಿದ್ದೆ ಮೇಡಂ," ಎಂದ ಪಾಲಾಕ್ಷ. "ಇದಕ್ಕೋಸ್ಕರ ಕೊಲೆ ಮಾಡ್ತಾರಾ? ನಮ್ಮ ಮಾವ ಪುಕ್ಕಟೆ ಕೊಡ್ತಾನೆ."

ಅವಳು ಅವನ ಕೈಯಿಂದ ಚೊಂಬು ತೆಗೆದುಕೊಂಡಳು. ಚೊಂಬಿನ ನೀರು ಹನಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ಬೂದಿ ಬಣ್ಣ ಕರಗಿ ಒಂದೊಂದೇ ಕಲ್ಲು ತನ್ನ ಬಣ್ಣಕ್ಕೆ ಬಂತು. ಮಾಸಿದ ಬಿಳಿ, ಇಟ್ಟಿಗೆ ಕೆಂಪು, ಹಸಿರಿಗೆ ತಿರುಗಿದ ಕಪ್ಪು. ಮೊದಲು ಒಂದು ಕಾಲು ಕಂಡಿತು, ಆಮೇಲೆ ಹೊಟ್ಟೆ. ಆಮೇಲೆ ದಾಳಿಂಬೆ ಗಿಡದ ಬುಡ.

ಕುರಿಮರಿ. ಅದೇ.

ಈ ಗುಣಿಯನ್ನು ನೋಡಬೇಕೆಂದು ಅವಳಿಗೆ ಹೊಳೆದದ್ದೇ ಇವತ್ತು ಬೆಳಿಗ್ಗೆ. ಶಶಿರೇಖಾ ತನ್ನ ಮಗ್ಗ ನಿಲ್ಲಿಸಿದ್ದಳು. ಅಣ್ಣ ಸತ್ತ ಸೂತಕ ಅಂದಿದ್ದಳು. ಆದರೆ ಎದುರು ಮನೆಯ ಕೊಲ್ಲಾಪುರಮ್ಮನ ಮಗ್ಗದಲ್ಲಿ ಕೂಲಿಗೆ ಕೂತು ನೇಯುತ್ತಿದ್ದಳು. ಸೂತಕ ಒಂದು ಮಗ್ಗಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಲು ಸಾಧ್ಯವಿಲ್ಲ. ಸ್ವಂತ ಸೀರೆ ಅರ್ಧಕ್ಕೆ ಬಿಟ್ಟು ಬೇರೆಯವರ ಸೀರೆ ನೇಯುವ ಹೆಂಗಸು ತನ್ನ ಮಗ್ಗಕ್ಕೆ ಹೆದರಿದ್ದಾಳೆ, ಇಲ್ಲವೇ ಅಲ್ಲಿ ಕಾಲಿಡುವಂತಿಲ್ಲ. ಹೊಸದಾಗಿ ಹಾಕಿದ ಸಿಮೆಂಟಿನ ಮೇಲೆ ಯಾರೂ ಕಾಲಿಡುವುದಿಲ್ಲ.

ಹೊರಗೆ ಬಾಗಿಲಲ್ಲಿ ನೆರಳು ಬಿತ್ತು. ಚಳ್ಳಕೆರೆಯ ಚಿಕ್ಕ ಚರ್ಚಿನ ಫಾದರ್ ಜ್ಞಾನಪ್ರಕಾಶ್ ಬಂದಿದ್ದರು. ಅವಳೇ ಫೋನು ಮಾಡಿ ಕರೆಸಿದ್ದಳು. ವಯಸ್ಸಾದವರು, ಬಸ್ಸಿನಲ್ಲಿ ನಿಂತು ಬಂದಿದ್ದರಿಂದ ಉಸಿರು ಏರುತ್ತಿತ್ತು. ಕೇಳದೆಯೇ ಚೀಲದಿಂದ ಒಂದು ಫೋಟೋ ತೆಗೆದು ಗುಣಿಯೊಳಗೆ ಇಳಿಸಿದರು.

ಫೋಟೋದಲ್ಲಿ ಹೊನ್ನೂರಸ್ವಾಮಿ ಬದುಕಿದ್ದ. ಜೋರ್ಡಾನ್ ದೇಶದ ಮಾದಬಾ ಎಂಬ ಹಳೆಯ ಊರಿನ ಯಾವುದೋ ಸಣ್ಣ ಚರ್ಚಿನೊಳಗೆ ಮಂಡಿಯೂರಿ, ಕೈಯಲ್ಲಿ ಕುಂಚ ಹಿಡಿದು ನಗುತ್ತಿದ್ದ. ಅವನ ಮುಂದೆ ನೆಲದಲ್ಲಿ ಇದೇ ಕುರಿಮರಿ ದಾಳಿಂಬೆ ಗಿಡದ ಕಡೆ ಮುಖ ಎತ್ತಿ ನಿಂತಿತ್ತು.

ಬೆಂಗಳೂರಿನ ಕಂಟ್ರಾಕ್ಟರನೊಬ್ಬನ ಮೂಲಕ ಅಲ್ಲಿಗೆ ಹೋದ ಅವನು ಚರ್ಚುಗಳ ಹಳೆಯ ನೆಲ ರಿಪೇರಿ ಮಾಡುವವರ ಕೈಕೆಳಗೆ ದುಡಿದಿದ್ದ. ಪಕ್ಕದ ದೇಶದಲ್ಲಿ ಯುದ್ಧ ಶುರುವಾದಾಗ ಕೆಲಸ ನಿಂತು, ಕೂಲಿಯವರನ್ನೆಲ್ಲ ಅವಸರದಲ್ಲಿ ಊರಿಗೆ ಕಳಿಸಿದ್ದರು. ನೆಲದಿಂದ ಎಬ್ಬಿಸಿ ಸುತ್ತಿಟ್ಟಿದ್ದ ಒಂದು ತುಂಡು ಅವನ ಹಾಸಿಗೆ ಸುರುಳಿಯೊಳಗೆ ಸೇರಿಕೊಂಡು ಮೊಳಕಾಲ್ಮೂರಿಗೆ ಬಂತು. ಕದಿಯಲಿಲ್ಲ, ಒಡೆದು ಹೋಗುತ್ತೆ ಅಂತ ಹೆದರಿ ತಂದೆ ಎಂದು ಅವನು ಫಾದರ್ ಮುಂದೆ ಹೇಳಿಕೊಂಡಿದ್ದ. ವಾಪಸ್ ಕಳಿಸಲು ಸಹಾಯ ಕೇಳಿದ್ದ. ಸತ್ತ ಮರುದಿನ ಅದನ್ನು ಫಾದರ್ ಕೈಗೆ ಒಪ್ಪಿಸಬೇಕಿತ್ತು.

"ಇದೇನಾ ಫಾದರ್?"

ಅವರು ಅಂಚಿನಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು. "ಇದೇ ಅನ್ನಿಸುತ್ತದೆ. ಆದರೆ ಇದಲ್ಲ."

ಅವರು ತೋರಿಸುವ ಮೊದಲೇ ಅವಳಿಗೂ ಕಂಡಿತ್ತು. ಫೋಟೋದಲ್ಲಿ ಕುರಿಮರಿಯ ಮುಖ ಬಲಕ್ಕೆ. ಗುಣಿಯಲ್ಲಿ ಎಡಕ್ಕೆ. ಗಿಡವೂ ಆಚೆಯದು ಈಚೆಗೆ ಬಂದಿತ್ತು.

ಬೇರೆ ತುಂಡೇ ಇರಬಹುದೇ? ಹೊನ್ನೂರಸ್ವಾಮಿ ನಕಲು ಮಾಡಿದ್ದನೇ? ಅಥವಾ ಫೋಟೋವನ್ನೇ ತಿರುಗಿಸಿ ತೊಳೆದಿದ್ದರೆ? ಅವಸರಪಟ್ಟು ಒಮ್ಮೆ ತಪ್ಪು ಮಾಡಿದ್ದವಳು ಈ ಸಲ ಪ್ರತಿಯೊಂದನ್ನೂ ಮುಟ್ಟಿ ನೋಡಬೇಕೆಂದುಕೊಂಡಳು. ಫೋಟೋದಲ್ಲಿ ಹೊನ್ನೂರಸ್ವಾಮಿಯ ಅಂಗಿಯ ಜೇಬು ಅವನ ಎಡ ಎದೆಯ ಮೇಲಿತ್ತು. ಪಾಲಾಕ್ಷನ ಜೇಬಿನೊಂದಿಗೆ ಹೋಲಿಸಿದಳು. ಗುಂಡಿಯ ಪಟ್ಟಿಯನ್ನೂ ನೋಡಿದಳು. ಫೋಟೋ ಸರಿಯಾಗಿಯೇ ಇತ್ತು.

ಮತ್ತೆ ಕಲ್ಲಿನ ಕಡೆ ಬಗ್ಗಿದಳು. ಎರಡು ಕಲ್ಲುಗಳ ನಡುವೆ ಉಗುರು ಹಾಕಿದಳು. ಹಳೆಯ ಸುಣ್ಣದ ಗಾರೆ ಕಲ್ಲಿನ ಮೇಲೇ ಚಪ್ಪಟೆಯಾಗಿ ಕಚ್ಚಿಕೊಂಡಿತ್ತು. ಜನ ಓಡಾಡಿ ನುಣುಪಾದ ಕಲ್ಲಿನ ಮೈ ಹೀಗಿರುವುದಿಲ್ಲ. ಒಂದು ಮೂಲೆಯನ್ನು ಕೆದಕಿ ಬೆರಳನ್ನು ಅಡಿಗೆ ತೂರಿಸಿದಳು. ತುದಿಗೆ ದಾರದ ಎಳೆ ಸಿಕ್ಕಿತು. ಎಳೆದಾಗ ಸಿಮೆಂಟು ಮೆತ್ತಿದ ಹತ್ತಿ ಬಟ್ಟೆಯ ಚೂರು ಹೊರಬಂತು.

"ಇದೇ ಫಾದರ್. ಮಗುಚಿ ಹಾಕಿದ್ದಾರೆ. ನಾವು ನೋಡ್ತಿರೋದು ಇದರ ಬೆನ್ನು."

ಫಾದರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಗೋಡೆಗೆ ಒರಗಿ ಕೂತುಬಿಟ್ಟರು.

ಮಾದಬಾದ ಚರ್ಚುಗಳ ನೆಲದ ಬಗ್ಗೆ ಹೊನ್ನೂರಸ್ವಾಮಿ ತಮಗೆ ಹೇಳಿದ್ದನ್ನು ಅವರು ಮೆಲ್ಲಗೆ ಹೇಳಿದರು. ಸಾವಿರದ ನಾನೂರು ವರ್ಷಗಳಷ್ಟು ಹಳೆಯ ನೆಲಗಳು. ನದಿ, ಮೀನು, ಊರುಗಳು, ಬೇಟೆಗಾರರು, ಹಣ್ಣಿನ ಬುಟ್ಟಿ, ಎಲ್ಲವೂ ಇಂಥ ಪುಟ್ಟ ಕಲ್ಲುಗಳಲ್ಲಿ. ನಡುವೆ ಒಂದು ಕಾಲ ಬಂತಂತೆ, ದೇವರ ಮನೆಯಲ್ಲಿ ಜೀವಿಗಳ ಚಿತ್ರ ಇರಬಾರದು ಅನ್ನುವ ಕಾಲ. ಆಗ ಆ ಊರಿನ ಕ್ರೈಸ್ತರು ನೆಲ ಒಡೆಯಲಿಲ್ಲ. ಪ್ರಾಣಿಗಳ, ಮನುಷ್ಯರ ಕಲ್ಲುಗಳನ್ನಷ್ಟೇ ಕಿತ್ತು, ಅವೇ ಕಲ್ಲುಗಳನ್ನು ಕಲಸಿ ಅದೇ ಜಾಗಕ್ಕೆ ತುಂಬಿದರು. ಸುತ್ತ ಬಳ್ಳಿ ಹಾಗೇ ಉಳಿಯಿತು. ನಡುವೆ ಮುಖ ಮಾತ್ರ ಇಲ್ಲ.

"ಈ ಮರಿ ಒಂದು ಗೋಡೆಯ ಅಡಿ ಮುಚ್ಚಿ ಹೋಗಿದ್ದರಿಂದ ಉಳಿದಿತ್ತಂತೆ," ಎಂದರು ಫಾದರ್. "ಅಲ್ಲಿ ಉಳಿದದ್ದು ಇಲ್ಲಿ ಬಂದು ಮುಖವೇ ಸಿಮೆಂಟಿಗೆ ಸಿಕ್ಕು ಹೀಗಾಯಿತು."

ಶಾಂತಕುಮಾರಿ ಗುಣಿಯಿಂದ ಮೇಲೆ ಬಂದು ಮಂಡಿ ಕೊಡವಿಕೊಂಡಳು. ಅವಳ ತಲೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು.

ಈ ತುಂಡಿನ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ ಪೆದ್ದಣ್ಣ, ಮಾರಿ ಮನೆ ಕಟ್ಟೋಣ ಎಂದು ಭಾವನಿಗೆ ಗಂಟು ಬಿದ್ದವನು. ಇನ್ನೊಬ್ಬ ಚಳ್ಳಕೆರೆಯ ಎಣ್ಣೆ ಗಿರಣಿಯ ಸೋಮಶೇಖರಪ್ಪ, ಮುಂಬಯಿಯ ಯಾರಿಗೋ ಮಾರಿಕೊಡುತ್ತೇನೆಂದು ಕಾರು ಕಳಿಸುತ್ತಿದ್ದವನು. ಸೋಮಶೇಖರಪ್ಪನ ಕಡೆಯವರು ಕೊಂದಿದ್ದರೆ ತುಂಡು ಇಷ್ಟು ಹೊತ್ತಿಗೆ ಮುಂಬಯಿಯಲ್ಲಿರುತ್ತಿತ್ತು. ಇಲ್ಲಿ ಸಿಕ್ಕಿದೆ ಎಂದರೆ ಗಿರಣಿಯವನು ಲೆಕ್ಕದಿಂದ ಹೊರಗೆ. ಉಳಿದದ್ದು ಈ ಮನೆ.

ಆದರೆ ಪೆದ್ದಣ್ಣ ಇದನ್ನು ಹೀಗೆ ಹಾಕುವವನಲ್ಲ. ಹೊನ್ನೂರಸ್ವಾಮಿಯಿಂದ ಈ ವಿದ್ಯೆ ಕಲಿತ ಒಬ್ಬನೇ ಮನುಷ್ಯ ಅವನು. ಫಾದರ್ ಮೊದಲೇ ಹೇಳಿದ್ದಂತೆ, ನೆಲದ ಚಿತ್ರದ ಮುಖಕ್ಕೆ ಬಟ್ಟೆ ಅಂಟಿಸಿ ಎಬ್ಬಿಸುತ್ತಾರೆ, ಹಾಗಾಗಿ ಬಟ್ಟೆಯಿರುವ ಮೈಯೇ ಮುಖ, ಅದು ಮೇಲಿರಬೇಕು. ಕೆಲಸದ ಮೊದಲ ದಿನವೇ ಕಲಿಯುವ ಪಾಠ.

ಅವಳ ಕಣ್ಣು ಮಗ್ಗದ ಮೇಲೆ ನಿಂತಿತು. ಅರ್ಧ ನೇಯ್ದ ಸೀರೆಯ ಸೆರಗಿನಲ್ಲಿ ಜರಿಯ ಬುಟ್ಟಾಗಳು. ಮೇಲಿನಿಂದ ನೋಡಿದರೆ ಎಳೆಗಳು ಅಲ್ಲಲ್ಲಿ ಜೋತು ಬಿದ್ದು ಗೊಂದಲ. ಬಗ್ಗಿ, ಬಟ್ಟೆಯ ಅಡಿಗೆ ಟಾರ್ಚು ಹಿಡಿದಳು. ಕೆಳಗಡೆ ಅಚ್ಚುಕಟ್ಟಾದ ನವಿಲುಗಳು ಹೊಳೆದವು.

ಈ ಮನೆಯ ಮಗ್ಗದಲ್ಲಿ ಬುಟ್ಟಾ ಸೀರೆಯ ಮುಖ ಯಾವಾಗಲೂ ನೆಲದ ಕಡೆ. ನೇಯುವವಳ ಕಣ್ಣಿಗೆ ದಿನವಿಡೀ ಕಾಣುವುದು ಬೆನ್ನು.

ಎದುರು ಮನೆಯಿಂದ ಲಾಳಿಯ ಸದ್ದು ಬರುತ್ತಿತ್ತು.

ಕೊಲ್ಲಾಪುರಮ್ಮ ಬಾಗಿಲಲ್ಲೇ ಅಡ್ಡ ನಿಂತಳು. "ಪನಿ ಚೆಡಗೊಟ್ಟೊದ್ದಮ್ಮಾ, ಕೆಲಸ ಕೆಡಿಸಬ್ಯಾಡ್ರಿ. ಇವತ್ತು ಸೆರಗು ಮುಗೀಬೇಕು," ಎಂದಳು. "ಗಂಡನ್ನ ಹಿಡ್ಕೊಂಡು ಹೋದ್ರಿ. ಈಗ ಹೆಂಡ್ತೀನೂ ಬೇಕಾ? ಸ್ಟೇಷನ್ನಾಗೆ ಮಗ್ಗ ಹಾಕಿಸ್ತೀರೇನು?"

ಪಾಲಾಕ್ಷ ಅವಳನ್ನು ಮಾತಿಗೆಳೆದು ಜಗುಲಿಗೆ ಕರೆದೊಯ್ದ. ಶಶಿರೇಖಾ ಲಾಳಿ ನಿಲ್ಲಿಸಿ, ಏನೂ ಕೇಳದೆ ಎದ್ದು ಬಂದಳು. ತನ್ನ ಮನೆಯ ಹೊಸ್ತಿಲು ದಾಟಿ, ಕೆದಕಿದ ಗುಣಿ ನೋಡಿದ ಮೇಲೆ ಕಂಬ ಹಿಡಿದು ನಿಂತಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಬೆರಳ ತುದಿಗಳು ಎಳೆ ತಾಗಿ ತಾಗಿ ಒಡೆದಿದ್ದವು. ಫಾದರ್ ಹೊರಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

ಇದನ್ನು ಇಲ್ಲಿ ಹಾಕಿದ್ದು ಯಾರು ಎಂದು ಶಾಂತಕುಮಾರಿ ಕೇಳಿದಳು. ಗೊತ್ತಿಲ್ಲ ಎಂದಳು ಶಶಿರೇಖಾ. ಗೊತ್ತಿಲ್ಲ ಎಂದರೆ ಅದು ಪೆದ್ದಣ್ಣನ ತಲೆಗೇ ಬರುತ್ತದೆ, ನಾಳೆ ಕೋರ್ಟಿನಲ್ಲಿ ಇದನ್ನೇ ಮುಂದಿಡುತ್ತಾರೆ ಎಂದು ಶಾಂತಕುಮಾರಿ ಹೇಳಿದಳು. ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

"ನಾನೇ ಹಾಕಿದ್ದು," ಎಂದಳು ಶಶಿರೇಖಾ.

"ಮುಖ ಕೆಳಗೆ ಮಾಡಿ ಯಾಕೆ ಹಾಕಿದೆ?"

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮತ್ತೆ ಹೆಂಗೆ ಹಾಕ್ತಾರೆ? ಬಟ್ಟೆ ಇರೋ ಕಡೆ ಮುಖ ಅಂತ ಅಣ್ಣ ತೋರಿಸಿದ್ದ. ಮುಖ ಮೇಲಿದ್ರೆ ಗಾಸಿ ಆಗಲ್ವಾ? ಕೆಳಗಿದ್ರೆ ಚೆಂದಾಗಿರುತ್ತೆ."

ಸುಳ್ಳು ಹೇಳುವವರು ಹೀಗೆ ಉತ್ತರಿಸುವುದಿಲ್ಲ. ಇದನ್ನು ಹಾಸಿದ ಕೈ ಇವಳದೇ. ಅದರಲ್ಲಿ ಶಾಂತಕುಮಾರಿಗೆ ಅನುಮಾನ ಉಳಿಯಲಿಲ್ಲ.

ಯಾವಾಗ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಒಂದೊಂದಾಗಿ ಕೇಳುತ್ತಾ ಹೋದಳು. ಶಶಿರೇಖಾ ನೆಲ ನೋಡುತ್ತಲೇ ಹೇಳಿದಳು. ಅಣ್ಣ ಸತ್ತ ದಿನ ಬೆಳಿಗ್ಗೆ, ತಳಕಿಗೆ ಹೋಗುವ ಮೊದಲು ಇಲ್ಲಿಗೆ ಬಂದಿದ್ದ. ಸುರುಳಿಯನ್ನು ಅವಳ ಕೈಗೆ ಕೊಟ್ಟು, ನಾಳೆ ಫಾದರ್‌ಗೆ ಕೊಡುವ ತನಕ ಇಟ್ಟುಕೋ, ನಿನ್ನ ಗಂಡನಿಗೂ ಹೇಳಬೇಡ ಎಂದಿದ್ದ. ಅವಳು ಅದನ್ನು ರೇಷ್ಮೆ ಲಡಿಗಳ ಬುಟ್ಟಿಯ ಅಡಿಗೆ ಇಟ್ಟಿದ್ದಳು. ಮರುದಿನ ಹೆಣ ಸಿಕ್ಕಿತು. ಪೊಲೀಸರು ಮನೆ ಹುಡುಕಲು ಬರುತ್ತಾರೆಂದು ಗೊತ್ತಾದ ಕೂಡಲೇ ಗಂಡನ ಸಿಮೆಂಟು ಕಲಸಿ ಗುಣಿಯಲ್ಲಿ ಮುಚ್ಚಿದಳು.

"ನಮಗೆ ತಂದುಕೊಡಬಹುದಿತ್ತಲ್ಲ."

"ಈ ಮನ್ಯಾಗೆ ಸಿಕ್ತು ಅಂದ್ರೆ ಅವರ ಮೇಲೇ ಹಾಕ್ತೀರಿ ಅಂತ ಗೊತ್ತಿತ್ತು." ಶಶಿರೇಖಾ ತಲೆ ಎತ್ತಿದಳು. "ಸಿಗದಿದ್ರೂ ಹಾಕಿದ್ರಿ."

ಶಾಂತಕುಮಾರಿ ಗುಣಿಯ ಕಡೆ ತಿರುಗಿದಳು. ಅವಳಿಗೆ ಬೇರೊಂದು ಹೊಳೆದು, ಇಷ್ಟು ಹೊತ್ತು ಕಟ್ಟಿದ್ದ ಲೆಕ್ಕ ಕುಸಿದಿತ್ತು. ಹೊನ್ನೂರಸ್ವಾಮಿ ಬೆಳಿಗ್ಗೆಯೇ ತುಂಡನ್ನು ತಂಗಿಗೆ ಕೊಟ್ಟಿದ್ದನಾದರೆ ಸಂಜೆ ಅವನ ಹತ್ತಿರ ಅದು ಇರಲೇ ಇಲ್ಲ. ಕೊಂದವರು ಹುಡುಕಿದರೂ ಸಿಕ್ಕಿರುವುದಿಲ್ಲ. ತುಂಡು ಇಲ್ಲಿ ಸಿಕ್ಕಿತೆಂದು ಗಿರಣಿಯ ಸೋಮಶೇಖರಪ್ಪನನ್ನು ಬಿಟ್ಟುಬಿಡುವುದು ಅವಸರವಾಗಿತ್ತು. ಮತ್ತೆ ಅವಸರ.

ಅವಳು ತಿರುಗಿ ನಿಂತದ್ದನ್ನು ಶಶಿರೇಖಾ ಬೇರೆಯಾಗಿ ಓದಿಕೊಂಡಳು. ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಹೊಡೆದಿದ್ದು ಮೇಡಂ. ಅಣ್ಣನ್ನ. ಅವರನ್ನ ಬಿಟ್ಟುಬಿಡಿ."

"ಏನಂದೆ?"

"ವಾಪಸ್ ಕೊಡ್ತೀನಿ ಅಂದ. ನಮ್ಮ ಬಾಳು ನೋಡಲಿಲ್ಲ. ಬಂಡೆ ಹತ್ರ ಕರ್ಕೊಂಡು ಹೋಗಿ ಕಲ್ಲು ತಗೊಂಡು ತಲೆ ಹಿಂದೆ ಹೊಡೆದೆ."

ತಗ್ಗಿದ ದನಿಯಲ್ಲಿ, ಬಾಯಿಪಾಠದಂತೆ ಹೇಳಿದಳು.

ಊರಿಗೆಲ್ಲ ಗೊತ್ತಿದ್ದದ್ದು ಅದೇ. ಹೊನ್ನೂರಸ್ವಾಮಿಯ ತಲೆಯ ಹಿಂಭಾಗ ಒಡೆದಿತ್ತು, ಯಾರೋ ಕಲ್ಲಿನಿಂದ ಹೊಡೆದು ಕೊಂದರು ಎಂದು. ಮೊನ್ನೆಯವರೆಗೆ ಶಾಂತಕುಮಾರಿಯೂ ಹಾಗೇ ನಂಬಿದ್ದಳು. ಮೊನ್ನೆ ಹೆಣ ಪರೀಕ್ಷೆ ಮಾಡಿದ ಡಾಕ್ಟರು ಫೋನಿನಲ್ಲಿ ಅವಳೊಬ್ಬಳಿಗೇ ಹೇಳಿದ್ದರು. ತಲೆ ಒಡೆದದ್ದು ಸತ್ತ ಮೇಲೆ, ಮೇಲಿನಿಂದ ಉರುಳಿಸಿದಾಗ. ಅವನು ಸತ್ತದ್ದು ಮುಖಕ್ಕೆ ಏನನ್ನೋ ಒತ್ತಿ ಹಿಡಿದು ಉಸಿರು ಕಟ್ಟಿಸಿದ್ದರಿಂದ. ಹೊನ್ನೂರಸ್ವಾಮಿಯಂಥ ಗಟ್ಟಿ ಆಳನ್ನು ಹಾಗೆ ಹಿಡಿಯಬೇಕಾದರೆ ಒಬ್ಬರಿಂದಾಗದು ಎಂದೂ ಅವರು ಹೇಳಿದ್ದರು. ಪೆದ್ದಣ್ಣನ ಬಗ್ಗೆ ಅವಳಿಗೆ ಅನುಮಾನ ಹುಟ್ಟಿದ್ದು ಆಗಲೇ.

ಅಂದರೆ ಈ ಹೆಂಗಸು ಕೊಂದಿಲ್ಲ. ಗಂಡ ಕೊಂದಿದ್ದಾನೆಂದು ನಂಬಿದ್ದಾಳೆ. ಅಣ್ಣನನ್ನು ಕೊಂದವನೆಂದು ನಂಬಿಯೂ ಅವನನ್ನು ಉಳಿಸಲು ನಿಂತಿದ್ದಾಳೆ.

"ನೀನು ಮನೆಯಲ್ಲೇ ಇರು. ಇದನ್ನ ಯಾರ ಮುಂದೆಯೂ ಹೇಳಬೇಡ," ಎಂದಳು ಶಾಂತಕುಮಾರಿ. ಪಾಲಾಕ್ಷನನ್ನು ಗುಣಿಯ ಕಾವಲಿಗೆ ನಿಲ್ಲಿಸಿ, ಫಾದರ್ ಅವರನ್ನು ಅಲ್ಲೇ ಇರಲು ಕೇಳಿಕೊಂಡು, ಒಬ್ಬಳೇ ಜೀಪು ಹತ್ತಿದಳು.

ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಬಿಸಿಲು ಲಾಕಪ್ಪಿನ ಸರಳುಗಳ ಬುಡದವರೆಗೆ ಬಂದಿತ್ತು. ಪೆದ್ದಣ್ಣ ಗೋಡೆಗೊರಗಿ ಕೂತಿದ್ದ. ಅಗಲ ಭುಜದ ಆಳು, ಈ ಕೆಲವು ದಿನಗಳಲ್ಲೇ ಕುತ್ತಿಗೆ ಸಣಕಲಾಗಿತ್ತು. ಹಿಡಿದ ದಿನದಿಂದ ಅವನು ಹೇಳಿದ್ದು ಒಂದೇ ಮಾತು, ನಾನು ಮಾಡಿಲ್ಲ. ಹೊಡೆದಾಗಲೂ ಅದನ್ನೇ ಹೇಳಿದ್ದ. ಹೊಡೆದದ್ದು ಅವಳಲ್ಲ. ತಡೆದವಳೂ ಅವಳಲ್ಲ.

ಸರಳಿನ ಈಚೆ ಸ್ಟೂಲು ಹಾಕಿಕೊಂಡು ಕೂತಳು. ಭಾವ ತಂದ ಸುರುಳಿಯಂಥದನ್ನು ನೆಲಕ್ಕೆ ಹಾಸುವುದು ಹೇಗೆ ಎಂದು ಕೇಳಿದಳು.

ಅವನು ಅನುಮಾನದಿಂದ ನೋಡಿದ. ಆಮೇಲೆ, ಬೇರೆ ಮಾತು ಸಿಕ್ಕಿತಲ್ಲ ಎಂಬಂತೆ, ಕೈ ಆಡಿಸುತ್ತಾ ಹೇಳಿದ. ಮೊದಲು ಮಟ್ಟ ನೋಡಬೇಕು. ಸುಣ್ಣದ ಗಾರೆ ಹದವಾಗಿ ಹರಡಬೇಕು, ಸಿಮೆಂಟು ಹಾಕಿದರೆ ಕಲ್ಲು ತಿನ್ನುತ್ತದೆ. ಸುರುಳಿಯ ಬೆನ್ನು ಗಾರೆಗೆ ಕೂರುವಂತೆ ಬಿಚ್ಚುತ್ತಾ ಹೋಗಬೇಕು. ಗಾರೆ ಹಿಡಿದ ಮೇಲೆ ಬಿಸಿನೀರು ಹಾಕಿ ಬಟ್ಟೆ ಎಬ್ಬಿಸಬೇಕು.

"ಬಟ್ಟೆ ಯಾವತ್ತೂ ಆಕಾಶ ನೋಡ್ತಿರಬೇಕು ಅಂತಿದ್ದ ಭಾವ. ಕೆಳಗೆ ಬಿದ್ರೆ ಅಂಟು ಕರಗಿ ಗಾರೆ ಮುಖಕ್ಕೇ ಕಚ್ಚುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಬಿಡಿಸಕ್ಕಾಗಲ್ಲ."

ಹೇಳುವಾಗ ಅವನ ಮುಖದಲ್ಲಿ ಕೆಲಸಗಾರನ ಕಳೆ ಬಂದು ಹೋಯಿತು. ಶಾಂತಕುಮಾರಿಗೆ ಎದೆ ಹಗುರಾಯಿತು. ಈ ಮನುಷ್ಯನಿಗೆ ಒಂದು ಒಳ್ಳೆಯ ಸುದ್ದಿ ಹೇಳುವ ಆಸೆಯಾಯಿತು. ಹೇಳಬಾರದಿತ್ತು. ಹೇಳಿದಳು.

"ತುಂಡು ಸಿಕ್ಕಿದೆ ಪೆದ್ದಣ್ಣ. ಬಟ್ಟೆ ಕೆಳಗೆ ಮಾಡಿ ಸಿಮೆಂಟಿನಲ್ಲಿ ಹಾಕಿದ್ದಾರೆ. ಅದನ್ನ ನೀನು ಹಾಕಿಲ್ಲ ಅಂತ ನನಗೆ ಗೊತ್ತಾಯ್ತು. ನಾಳೆ ಕೋರ್ಟಿನಲ್ಲಿ ನಿನ್ನ ಪರವಾಗಿ ನಾನೇ ಹೇಳ್ತೀನಿ."

ಅವನ ಕಣ್ಣು ಅರಳಿತು. "ಎಲ್ಲಿ ಸಿಕ್ತು ಮೇಡಂ?"

"ನಿನ್ನ ಮನೆಯಲ್ಲೇ. ಮಗ್ಗದ ಗುಣಿಯಲ್ಲಿ."

ಅರಳಿದ ಕಣ್ಣು ಹಾಗೇ ನಿಂತಿತು. ಆಮೇಲೆ ಅದರಿಂದ ಬೆಳಕು ಇಳಿದು ಹೋಯಿತು. ಅವನು ತನ್ನ ಅಂಗೈ ನೋಡಿಕೊಂಡ. ಹೊರಗೆ ಬಳ್ಳಾರಿ ಕಡೆಯ ಲಾರಿಯೊಂದು ಹಾರ್ನು ಹೊಡೆದುಕೊಂಡು ದಾಟಿತು. ಲಾಳಿ ಎಸೆಯುವ ಕೈಗೆ ಯಾವುದು ಮುಖ, ಯಾವುದು ಬೆನ್ನು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಶಶಿರೇಖಾಳ ಜೊತೆ ಸಂಸಾರ ಮಾಡಿದವನು.

"ನಾನೇ ಹಾಕಿದ್ದು," ಎಂದ.

"ಪೆದ್ದಣ್ಣ, ಈಗ ತಾನೇ ನೀನೇ ಹೇಳಿದೆ..."

"ಗಾಬರಿನಾಗೆ ತಲೆಕೆಳಗಾಯ್ತು. ಭಾವನ್ನ ಹೊಡೆದಿದ್ದೂ ನಾನೇ. ಕಲ್ಲು ತಗೊಂಡು ತಲೆ ಹಿಂದೆ. ಬರ್ಕೊಳ್ರಿ."

ಅದೇ ಮಾತು. ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಊರು ಕಟ್ಟಿದ ಅದೇ ತಪ್ಪು ಮಾತು. ಕೊಂದವಳು ಅವಳು ಎಂದು ಇವನು ನಂಬಿದ್ದ. ಕೊಂದವನು ಇವನು ಎಂದು ಅವಳು. ನಿಜವಾಗಿ ಕೊಂದ ಕೈಗಳು ಎಲ್ಲೋ ಹೊರಗೆ ಬಿಸಿಲಿನಲ್ಲಿ ಓಡಾಡುತ್ತಿದ್ದವು.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತಾನು ಬರೆದುಕೊಳ್ಳುವುದೂ ಇಲ್ಲ ಎಂದು ಶಾಂತಕುಮಾರಿ ಹೇಳಿದಳು.

"ಗೊತ್ತು. ಇಲ್ಲಿ ಕೂತೋರೆಲ್ಲ ಅದನ್ನ ಹೇಳ್ತಾರೆ. ಜಡ್ಜ್ ಸಾಹೇಬ್ರ ಮುಂದೆ ಹೇಳಿದ್ರೆ ನಿಲ್ಲುತ್ತಲ್ಲ? ನಾಳೆ ಅಲ್ಲೇ ಹೇಳ್ತೀನಿ."

"ನಿನ್ನ ಹೆಂಡತಿ ಕೊಂದಿಲ್ಲ. ನನ್ನ ಮಾತು ನಂಬು."

"ನಿಮ್ಮ ಮಾತಾ?" ಪೆದ್ದಣ್ಣ ಸಿಟ್ಟಾಗಲಿಲ್ಲ. ದಣಿದವನಂತೆ ನಕ್ಕ. "ಬಾರಪ್ಪ, ಎರಡು ಮಾತು ಕೇಳಿ ಕಳಿಸ್ತೀನಿ ಅಂತ ಹಿಂಗೇ ಮೆತ್ತಗೆ ಮಾತಾಡಿ ಕರ್ಕೊಂಡು ಬಂದ್ರಿ. ಈಗ ನಾನು ಬಾಯಿ ಮುಚ್ಕೊಂಡ್ರೆ ನಾಳೆ ಅವಳನ್ನ ತಂದು ಇಲ್ಲಿ ಕೂರಿಸ್ತೀರಿ."

ಅವಳು ಕರೆತಂದದ್ದು ಹಾಗೆಯೇ, ಅದೇ ಮಾತು ಹೇಳಿಯೇ. ಸರಳು ಹಿಡಿದು ಎದ್ದು ನಿಂತಳು. ಹೇಗಾದರೂ ಇವನು ನಂಬಬೇಕಿತ್ತು. ನಾಳೆ ಬೆಳಿಗ್ಗೆ ಇವನು ಜಡ್ಜರ ಮುಂದೆ ಬಾಯಿ ಬಿಟ್ಟರೆ ಕೇಸು ಮುಗಿಯುತ್ತದೆ. ಸರ್ಕಲ್ ಸಾಹೇಬರು ಹಾರ ಹಾಕಿಸಿಕೊಳ್ಳುತ್ತಾರೆ. ಸೋಮಶೇಖರಪ್ಪನ ಗಿರಣಿಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

"ಕಲ್ಲಲ್ಲಿ ಹೊಡೆದೆ ಅಂತೀಯಲ್ಲ. ನಿನ್ನ ಭಾವ ತಲೆಗೆ ಏಟು ಬಿದ್ದು ಸತ್ತಿಲ್ಲ ಕಣಪ್ಪ. ಅದು ನಿನಗೆ ಗೊತ್ತೇ ಇಲ್ಲ. ಅದಕ್ಕೇ ಹೇಳ್ತಿದ್ದೀನಿ, ನೀನಲ್ಲ, ಅವಳೂ ಅಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಅದರ ತೂಕ ತಿಳಿಯಿತು. ನಿಜವನ್ನೂ ಸುಳ್ಳನ್ನೂ ಬೇರೆ ಮಾಡಲು ಅವಳ ಹತ್ತಿರ ಇದ್ದದ್ದು ಸಾವಿನ ಆ ಗುಟ್ಟೊಂದೇ. ಅದರಲ್ಲಿ ಅರ್ಧವನ್ನು ಸರಳಿನಾಚೆ ಚೆಲ್ಲಿಬಿಟ್ಟಿದ್ದಳು.

ಪೆದ್ದಣ್ಣ ಎದ್ದು ಸರಳಿನ ಹತ್ತಿರ ಬಂದ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನ ದನಿ ಬೇಡುವವನ ದನಿಯಾಗಿತ್ತು.

"ಹಂಗಾದ್ರೆ ಹೆಂಗೆ ಸತ್ತ ಅಂತ ಹೇಳ್ರಿ ಮೇಡಂ. ನಾಳೆ ಅದನ್ನೇ ಹೇಳ್ತೀನಿ."